ಹಲ್ಲಿನ ಹುಳ

ಬದನೆಕಾಯಿ ಸುಡುವ ವಾಸನೆ ಬಂದರೆ ಇಂದಿಗೂ ನನ್ನ ನಾಲಿಗೆ ದವಡೆ ಹಲ್ಲನ್ನು ತಡಕುತ್ತದೆ.

ನಾಗನೂರಿನ ಅಜ್ಜಿಯ ಮನೆ. ಹಲ್ಲಿಗೆ ಹುಳ ಬಿದ್ದಿದೆಯೆಂಬ ಭಯಕ್ಕೆ ನಾನು ಮೂರು ದಿನದಿಂದ ಬೆಲ್ಲ ಮುಟ್ಟಿರಲಿಲ್ಲ. ಆ ಮಧ್ಯಾಹ್ನ ಅಜ್ಜಿ, ಹುಳ ತೆಗೆಯುವ ಹೆಂಗಸನ್ನು ಕರೆಸಿದಳು. ಅವಳು ಕೆಂಡದ ಮೇಲೆ ಬದನೆಯ ಬೀಜ ಉದುರಿಸಿ, ಹೊಗೆಯನ್ನು ನನ್ನ ಬಾಯಿಗೆ ಹಿಡಿಸಿ, ಅರಿವೆಯಿಂದ ಹಲ್ಲು ಒರೆಸಿದಳು. ಅರಿವೆ ಕೊಡವಿದಾಗ ನೀರಿನ ತಾಟಿನಲ್ಲಿ ಬಿಳಿ ಹುಳಗಳು ತೇಲಿದವು.

ಆದರೆ ಒರೆಸುವ ಮೊದಲೇ ಅರಿವೆಯ ಮಡಿಕೆಯಲ್ಲಿ ಒಂದು ಹುಳ ಮಿಸುಕಾಡಿದ್ದನ್ನು ನಾನು ನೋಡಿದ್ದೆ.

“ಅಜ್ಜೀ, ಹುಳ ಮೊದಲ ಅರಿಬ್ಯಾಗ ಇತ್ತು,” ಎಂದು ಪಿಸುಗುಟ್ಟಿದೆ.

“ಸುಮ್ಕ ಕುಂದರವ್ವಾ. ನನ್ನ ಹಲ್ಲಿನ ಹುಳಾನೂ ಈಕಿನ ತಗದಾಳ. ಆಮ್ಯಾಗ ಹಲ್ಲಬ್ಯಾನಿ ಅನ್ನೂದ ಇಲ್ಲ!”

ಅಜ್ಜಿ ಬೋಳು ಒಸಡು ತೋರಿಸಿ ನಕ್ಕಳು. ನಾನು ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ.