ತೂತಿಲ್ಲದ ಎಲೆ

"ನಮ್ಮ ಚಿಟ್ಟೆಗಳು ಮೇಲೆದ್ದರೆ ಬೀದಿಗೆಲ್ಲ ನೆರಳು, ಮೇಡಂ! ಬಟ್ಟೆ ಒಣಗಲ್ಲ ಅಂತ ಪಕ್ಕದ ಮನೆಯವರದು ದಿನಾ ಜಗಳ," ಎಂದರು ನಂಜಯ್ಯ.

ಚಿಟ್ಟೆ ತೋಟದ ಸ್ಪರ್ಧೆಯ ತೀರ್ಪುಗಾರ್ತಿ ನಗಲಿಲ್ಲ. ಎಕ್ಕದ ಗಿಡದ ಒಂದೊಂದೇ ಎಲೆಯನ್ನು ಮಗುಚಿ ನೋಡತೊಡಗಿದರು. ಎರಡು ವರ್ಷ ಕೈತಪ್ಪಿದ್ದ ಬಹುಮಾನ ಈ ಸಲವಾದರೂ ಸಿಗಲೆಂದು ನಂಜಯ್ಯ ಅವರ ಬೆನ್ನ ಹಿಂದೆಯೇ ನಿಂತರು.

"ಒಂದು ಎಲೆಯಲ್ಲೂ ತೂತಿಲ್ಲವಲ್ಲ?"

"ನಮ್ಮ ಎಲೆ ಅಂದ್ರೆ ಕಬ್ಬಿಣ, ಮೇಡಂ!"

"ಹುಲಿಚಿಟ್ಟೆ ಮೊಟ್ಟೆ ಇಡೋದು ಈ ಎಲೆ ಮೇಲೇ ಕಣ್ರೀ. ಒಡೆದು ಬರೋ ಹುಳ ತಿನ್ನೋದೂ ಇದನ್ನೇ. ಆಮೇಲೆ ಆ ಹುಳಾನೇ ಚಿಟ್ಟೆ ಆಗೋದು. ಎಲ್ಲಿ ನಿಮ್ಮ ಹುಳ?"

ನಂಜಯ್ಯ ತಾವೂ ಒಂದು ಎಲೆ ಮಗುಚಿ ನೋಡಿದರು.

"ಚಿಟ್ಟೆಗೆ ಅಂತ ಬೆಳೆಸಿದ ಗಿಡಾನ ಹುಳ ತಿಂದುಬಿಡುತ್ತೆ ಅಂತ, ವಾರವಾರ ನಾನೇ ಔಷಧಿ ಹೊಡೀತಿದ್ದೆ, ಮೇಡಂ."