ಫ್ಲಾರೆನ್ಸಿನ ಸಾಕ್ಷಿ

ವೀರಪ್ಪ ಎಲೆ-ಅಡಿಕೆಯ ತಟ್ಟೆಯನ್ನು ಬೆರಳ ತುದಿಯಿಂದ ಆಚೆಗೆ ಸರಿಸಿದ. ಹುಕ್ಕೇರಿಯಿಂದ ಗಾಡಿ ಕಟ್ಟಿಸಿಕೊಂಡು ಅವನು ಮೂಡಲಗಿಗೆ ಬಂದದ್ದು ಮಗನಿಗೆ ಹೆಣ್ಣು ಗಟ್ಟಿ ಮಾಡಲಿಕ್ಕೆ. ತಟ್ಟೆಯಿಂದ ಎಲೆ ಎತ್ತಿಕೊಂಡರೆ ಬಾಳವ್ವನ ಮಗಳು ಶಿವಗಂಗವ್ವ ಅವನ ಸೊಸೆ. ಹಾಗೆಯೇ ಎದ್ದುಹೋದರೆ ಆ ಹುಡುಗಿಯನ್ನು ಕೇಳಿಕೊಂಡು ಇನ್ನು ಯಾರೂ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ.

“ಮದಲ ನಿಮ್ಮ ಮಗನ ಸುದ್ದಿ ಬಗೀಹರೀಲಿ,” ಎಂದ.

ಮಗ ಕೆಂಚಪ್ಪ ಪಲ್ಟನ್ ಸೇರಿ ಇಟಲಿಯ ಯುದ್ಧಕ್ಕೆ ಹೋದವನು. ಯುದ್ಧ ಮುಗಿದರೂ ಬಂದಿರಲಿಲ್ಲ. ಹೋದ ಚಳಿಗಾಲದಿಂದ ಪತ್ತೆಯಿಲ್ಲ ಎಂದು ಸರಕಾರ ತಿಳಿಸಿತ್ತು. ಊರಿಗೆ ಅಷ್ಟು ಸಾಲುತ್ತದೆಯೇ? ರಜೆಗೆ ಬಂದ ಹುಕ್ಕೇರಿಯ ಸಿಪಾಯಿಯೊಬ್ಬ, ಫ್ಲಾರೆನ್ಸ್ ಎಂಬ ಊರಿನ ದೊಡ್ಡ ಚರ್ಚಿನೊಳಗೆ ಕೆಂಚಪ್ಪ ಹೋಗುವುದನ್ನು ಕಣ್ಣಾರೆ ಕಂಡೆ ಎಂದಿದ್ದ. ಮುಂದಿನದನ್ನು ಜನ ಕಟ್ಟಿದರು. ಕೆಂಚಪ್ಪ ಪಲ್ಟನ್ ಬಿಟ್ಟು ಓಡಿದ, ಕೊರಳ ಲಿಂಗ ಕಿತ್ತೆಸೆದ, ಕಿರಿಸ್ತಾನನಾದ. ಸಂತೆಯಿಂದ ಸಂತೆಗೆ ಹೋಗುವಾಗ ಒಬ್ಬ ಬಿಳಿ ಹೆಂಡತಿಯೂ ಸೇರಿಕೊಂಡಳು. ಕಡ್ಡಿಯನ್ನು ಗುಡ್ಡ ಮಾಡುವುದಕ್ಕೆ ಖರ್ಚೇನು?

ಆ ಹೊತ್ತಿಗೇ ಬಾಗಿಲಲ್ಲಿ ಬಂದಗಿಸಾಬ ಕಾಣಿಸಿಕೊಂಡ. ಗೋಕಾಕದವನು, ಕೆಂಚಪ್ಪನ ಜೊತೆಯ ಸಿಪಾಯಿ. ಘಟಪ್ರಭಾದಲ್ಲಿ ರೈಲು ಇಳಿದವನು ತನ್ನ ಮನೆಗೂ ಹೋಗದೆ, ಗಾಯದ ಕಾಲು ಎಳೆಯುತ್ತ ನೇರ ಇಲ್ಲಿಗೆ ಬಂದಿದ್ದ. “ಅವ್ವಾ” ಎಂದು ಬಾಯಿ ತೆರೆದ. ಒಳಗೆ ಕೂತ ಬೀಗರನ್ನೂ ತಟ್ಟೆಯನ್ನೂ ನೋಡಿ ಮಾತು ನುಂಗಿದ. ವೀರಪ್ಪನಿಗೆ ಅದು ಕಂಡಿತು. ಬೆಲ್ಲದ ವ್ಯಾಪಾರಿ ಅವನು, ಮಾತು ನುಂಗುವವರನ್ನು ದಿನಾ ನೋಡಿದವನು.

“ಬಾ ತಮ್ಮಾ, ಕುಂದರು. ಕೆಂಚಪ್ಪ ಆ ಗುಡಿ ಹೊಕ್ಕಿದ್ದು ಖರೆ ಏನು?”

“ಖರೇರಿ. ನಾನೂ ಹೊಕ್ಕಿದ್ದೆ.”

ಬಾಳವ್ವ ಕಂಬ ಹಿಡಿದುಕೊಂಡಳು.

ಊರು ನೋಡಲಿಕ್ಕೆ ಹೋಗಿದ್ದರಂತೆ, ಅಷ್ಟೇ. ಸಾಹೇಬ ರಜೆ ಕೊಟ್ಟಿದ್ದ. ನದಿಯ ಸೇತುವೆಗಳನ್ನೆಲ್ಲ ಜರ್ಮನರು ಉಡಾಯಿಸಿ, ಒಂದನ್ನು ಮಾತ್ರ ಬಿಟ್ಟಿದ್ದರು. ಅದರ ಮೇಲೆ ಸಾಲಾಗಿ ಬಂಗಾರದ ಅಂಗಡಿಗಳು. ತಂಗಿಯ ಲಗ್ನಕ್ಕೆಂದು ಕೆಂಚಪ್ಪ ಅಲ್ಲಿ ಒಂದು ಜೊತೆ ಓಲೆಯ ದರ ಕೇಳಿ ಗಾಬರಿಬಿದ್ದಿದ್ದ. ಆಮೇಲೆ ಆ ಚರ್ಚು. ಬಿಳಿ, ಹಸಿರು, ನಸುಗೆಂಪು ಕಲ್ಲು. ಮೇಲೆ ಕೆಂಪು ಹೆಂಚಿನ ಗುಮ್ಮಟ. ಬಾಗಿಲಲ್ಲಿ ಕೆಂಚಪ್ಪ ಬೂಟು ಬಿಚ್ಚಿದ್ದನ್ನು ಕಂಡು ಪಾದ್ರಿ ನಕ್ಕ, ತಾನೇ ಒಳಗೆ ಕರೆದುಕೊಂಡು ಹೋದ. ವಿಜಾಪುರದ ಗೋಳಗುಮ್ಮಟದ ಹಾಗೆ ಇದೂ ಮಾತಾಡುತ್ತದೋ ನೋಡೋಣ ಎಂದು ಕೆಂಚಪ್ಪ ನಡುವೆ ನಿಂತು ‘ಅವ್ವಾ’ ಎಂದು ಕೂಗಿದ. ಪ್ರಾರ್ಥನೆಗೆ ಕೂತ ಮುದುಕಿಯರೆಲ್ಲ ತಿರುಗಿ ನೋಡಿದರು.

ಇಷ್ಟು ಹೇಳುವಾಗ ಬಂದಗಿಸಾಬನ ಮುಖದಲ್ಲಿ ನಗೆ ಇತ್ತು. ಬಾಳವ್ವನ ಕಡೆ ಮಾತ್ರ ಅವನು ಒಮ್ಮೆಯೂ ನೋಡಲಿಲ್ಲ.

“ಅದಿರಲಿ. ಕಡೀಕ ಅವನ್ನ ನೋಡಿದ್ದೆಲ್ಲಿ?” ವೀರಪ್ಪನ ದನಿ ಗಡುಸಾಯಿತು.

ನಗೆ ಹೋಯಿತು. ಊರ ಹೊರಗೆ, ಗುಡ್ಡದ ಓರೆಯಲ್ಲಿ, ಎಂದ. ಅಲ್ಲಿಂದ ಗುಮ್ಮಟ ಕಾಣುತ್ತದೆ.

“ಏನ್ ಮಾಡಾಕತ್ತಿದ್ದ?”

“ಕುಂತಿದ್ದ್ರಿ. ಹಣಿಮ್ಯಾಲ ವಿಭೂತಿ. ಎಡಗೈಯಾಗ ಲಿಂಗ.”

ಬಾಳವ್ವ ಕಂಬ ಬಿಟ್ಟು ನೆಲಕ್ಕೆ ಕುಸಿದು ಕೂತಳು. ವೀರಪ್ಪ ಬಿಡುವ ಆಸಾಮಿಯಲ್ಲ. ಆ ದೇಶದಲ್ಲಿ ಬಿಲ್ವಪತ್ರೆ ಎಲ್ಲಿ ಸಿಕ್ಕೀತು ಎಂದು ಕೆದಕಿದ. ಸಿಗಲಿಲ್ಲ, ಬಂದಗಿಸಾಬನೇ ಗುಡ್ಡವೆಲ್ಲ ಹುಡುಕಿ, ಕೊನೆಗೆ ಆಲಿವ್ ಗಿಡದ ಎಲೆ ಹರಿದು ತಂದನಂತೆ.

“ನಿನ್ನ ಕೂಡ ಏನರ ಮಾತಾಡಿದನೇನು?”

“ಇಲ್ರಿ. ಕಣ್ಣು ಮುಚ್ಚಿದ್ದ.”

“ಪೂಜಿಗಿ ಕುಂತಾಗ ಮಾತಾಡಬಾರದು,” ಎಂದು ವೀರಪ್ಪ ತಲೆಯಾಡಿಸಿದ. ಮೊದಲ ಸಲ ಅವನ ದನಿ ಮೆತ್ತಗಾಗಿತ್ತು. ಆದರೂ ವ್ಯಾಪಾರಿ, ಇನ್ನೊಮ್ಮೆ ತೂಗಿ ನೋಡಿದ. ಆಣೆ ಮಾಡುತ್ತೀಯಾ ಎಂದ.

“ಖುರಾನಿನ ಆಣಿರಿ. ಲಿಂಗ ಅವನ ಕೈಯಾಗs ಐತಿ. ಅವ ಕಿರಿಸ್ತಾನ ಆಗಿಲ್ಲ.”

ಬಾಳವ್ವ ಎದ್ದು ಒಳಗೆ ಹೋದಳು. ಬೇಗ ಬರಲಿಲ್ಲ. ಬಂದಾಗ ಮುಖ ತೊಳೆದಿದ್ದಳು, ಕೈಯಲ್ಲಿ ಸಕ್ಕರೆಯ ಬಟ್ಟಲಿತ್ತು. ಹೆತ್ತ ಕರುಳು, ಸಂತೋಷಕ್ಕೆ ಅತ್ತಿರಬೇಕು ಎಂದುಕೊಂಡ ವೀರಪ್ಪ. ತಟ್ಟೆಯನ್ನು ಹತ್ತಿರ ಎಳೆದು ಎಲೆ ಎತ್ತಿಕೊಂಡ. ಬಾಯಿಗೆ ಸಕ್ಕರೆ ಹಾಕಿಕೊಂಡ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಶಿವಗಂಗವ್ವನ ಬಳೆ ಸದ್ದಾಯಿತು.

ಅಣ್ಣ ಬರುವ ತನಕ ಲಗ್ನ ಮುಂದೂಡೋಣವೇ ಎಂದು ಧಾರಾಳವಾಗಿ ಕೇಳಿದ ಬೀಗ.

“ಅವನ ಹಾದಿ ಕಾಯೂದು ಬ್ಯಾಡ್ರಿ,” ಎಂದಳು ಬಾಳವ್ವ. “ಬರೂ ಸೋಮಾರನ ಮಾಡಿಬಿಡೂನು.”

ಗಾಡಿ ಅರಭಾವಿಯ ದಾರಿ ಹಿಡಿಯಿತು. ಎತ್ತಿನ ಗೆಜ್ಜೆಯ ಸದ್ದು ಪೂರ್ತಿ ಅಡಗುವ ತನಕ ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಬಂದು ಬಂದಗಿಸಾಬನ ಎದುರಿಗೆ ಕೂತಳು. ಈಗ ಅವನು ಅವಳ ಮುಖ ನೋಡಿದ.

“ಕುಣಿ ಅವನ ಪಾದಲೆ ಅಳತಿ ಮಾಡಿ ತೋಡಿದಿ ಏನಪಾ?”

“ಬೂಟ ಬಿಚ್ಚಿ ಅಳದೆ, ಅವ್ವಾ. ಪಲ್ಟನ್ಯಾಗ ಹೇಳಿದ್ರ ಹಿಂದೂ ಅಂತ ಕಟಗಿ ಒಟ್ಟಿ ಸುಟ್ಟುಬಿಡ್ತಿದ್ರು. ಅದಕ್ಕ ಯಾರಿಗೂ ಹೇಳದನ ನಾನs ಕುಂಡ್ರಿಸಿ ಮಣ್ಣು ಕೊಟ್ಟೆ.”