ಒಂದಾದರ, ಒಂದಾಗಿದ್ದರ

“ಚಾಷ್ಟಿಗೆ ಅಂದ ಮಾತು ಹಿಡಕೊಂಡು ಕುಂತೀಯಲ್ಲ!” ವಿರೂಪಾಕ್ಷಪ್ಪ ರುಮಾಲು ತೆಗೆದು ಗೂಟಕ್ಕೆ ಸಿಕ್ಕಿಸಿದರು. “ನಡಿ, ಸೀರಿ ಉಟ್ಕೊ. ಮುಂಡರಗಿ ಬೀಗರು ನಿನ್ನ ನೋಡಾಕ ಬರೂ ಹೊತ್ತಾತು.”

ಮಗಳು ಕಸ್ತೂರೆವ್ವ ಕದಲಲಿಲ್ಲ. ಹೊರಗೆ ಗದಗಿನ ಓಣಿಯಲ್ಲಿ ಪಟಾಕಿ ಹಾರುತ್ತಿತ್ತು. ದೀಪಾವಳಿಗೋ, ಮೊನ್ನೆ ಒಂದಾದ ಕನ್ನಡ ನಾಡಿಗೋ, ಹಾರಿಸುವವರಿಗೂ ಗೊತ್ತಿದ್ದಂತಿರಲಿಲ್ಲ. ಹೋದ ವರ್ಷ ಅರಳೆ ಅಂಗಡಿಯಲ್ಲಿ, ನಾಲ್ಕು ಮಂದಿಯ ಎದುರು, ಅಪ್ಪ ನಗುತ್ತ ಹೇಳಿದ್ದರು: “ಕನ್ನಡ ನಾಡು ಒಂದಾದರ ನಿನ್ನ ಧಾರವಾಡದ ಕಾಲೇಜಿಗೆ ಕಳಿಸ್ತೀನಿ.” ಅತ್ತೆಗೆ ಮೀಸೆ ಬಂದರೆ ಮಾವ ಅನ್ನೋಣ ಎನ್ನುತ್ತಾರಲ್ಲ, ಹಾಗೆ. ಈಗ ಅತ್ತೆಗೆ ಮೀಸೆ ಬಂದೇಬಿಟ್ಟಿತ್ತು. ಬೇಸಿಗೆಗೆ ಅವಳ ಮ್ಯಾಟ್ರಿಕ್ಕೂ ಮುಗಿಯುವುದಿತ್ತು.

“ಅಪ್ಪಾ, ಇಂಗ್ಲಿಷದಾಗ ಆಗದ ಮಾತಿಗೆ ‘ವರ್’ ಹಚ್ಚತಾರ್ರಿ. ‘ಇಫ್ ಐ ವರ್ ದಿ ಕಲೆಕ್ಟರ್’ ಅಂದ್ರ ನಾ ಕಲೆಕ್ಟರ್ ಅಲ್ಲ ಅಂತ. ಆಗೂ ಮಾತಿಗೆ ‘ವಿಲ್’.”

“ನಾ ಏನ್ ಇಂಗ್ಲಿಷ್ ಮಾತಾಡಿದ್ನೇನ?”

“ಕನ್ನಡದಾಗೂ ಹಂಗ ಐತ್ರಿ. ‘ಒಂದಾಗಿದ್ದರ ಕಳಿಸ್ತಿದ್ದೆ’ ಅಂದಿದ್ದರ ನಾ ಸುಮ್ಮನ ಸೀರಿ ಉಡ್ತಿದ್ದೆ. ನೀವಂದದ್ದು ‘ಒಂದಾದರ ಕಳಿಸ್ತೀನಿ’. ಒಂದಾತು. ಕಳಸ್ರಿ.”

ವಿರೂಪಾಕ್ಷಪ್ಪ ಗೂಟದ ರುಮಾಲಿಗೆ ಕೈ ಹಾಕಿದರು. ಅರಳೆ ಪೇಟೆಯಲ್ಲಿ ಬಾಯಿಮಾತಿನ ಮೇಲೆಯೇ ಗಾಡಿಗಟ್ಟಲೆ ಮಾಲು ಕೈ ಬದಲಾಗುತ್ತದೆ. ಮಾತಿಗೆ ತಪ್ಪಿದವನ ಅಂಗಡಿಯ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ. ಆ ನಾಲ್ಕು ಮಂದಿ ನಾಳೆ ಕೇಳದೆ ಬಿಡುವವರಲ್ಲ. ಅಪ್ಪನ ಮುಖದಲ್ಲಿ ಸಿಟ್ಟಿನ ಹಿಂದೆಯೇ ಹೆಮ್ಮೆಯೂ ಇಣುಕಿದ್ದನ್ನು ಕಸ್ತೂರೆವ್ವ ಕಂಡಳು, ಗೆದ್ದೆನೆಂದು ಒಳಗೊಳಗೇ ಹಿಗ್ಗಿದಳು.

“ನೀ ಗಂಡಾಗಿದ್ದರ ಇವತ್ತ ಅಂಗಡಿ ಗಾದಿ ಮ್ಯಾಲ ಕುಂಡ್ರಸ್ತಿದ್ದೆ.”

“ಅದು ‘ವರ್’ ಅಪ್ಪಾ. ಬಿಡ್ರಿ ಅದನ್ನ.”

ಅವರು ರುಮಾಲು ಮತ್ತೆ ತಲೆಗೇರಿಸಿದರು. “ಬೀಗರಿಗೆ ಚಾ ಕುಡಿಸಿ, ಹುಡುಗಿ ಇನ್ನೂ ಓದತಾಳ ಅಂತ ಹೇಳಿ ಬರ್ತೀನಿ,” ಎಂದು ಗೊಣಗುತ್ತ ಮೋಟಾರ್ ಸ್ಟ್ಯಾಂಡಿನ ಕಡೆಗೆ ನಡೆದರು.

ಒಳಗೆ ಬೀಗರಿಗೆಂದು ಹೋಳಿಗೆಗೆ ಕುಳಿತಿದ್ದ ತಾಯಿ ರೇಣುಕವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಲಟ್ಟಣಿಗೆ ನಿಂತಿತು.

“ಕಸ್ತೂರಿ, ‘ನಾನೂ ಸಾಲಿ ಕಲ್ತಿದ್ದರ’ ಅಂತ ಆಗಾಗ ಅಂತಿರ್ತೀನಲ್ಲ, ಅದು ಯಾವ ಮಾತವ್ವಾ? ಆಗೂದೋ, ಆಗದ್ದೋ?”

ಅಪ್ಪನಿಗೆ ಮಾತಿಗೆ ಮಾತು ಕೊಟ್ಟ ಹುಡುಗಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡಳು. ತಾಯಿಯ ಪಕ್ಕ ಕುಳಿತು, ಪರಾತದಲ್ಲಿದ್ದ ಒಣಹಿಟ್ಟನ್ನು ತೆಳ್ಳಗೆ ಹರಡಿ, ಅವಳ ತೋರುಬೆರಳನ್ನು ಹಿಡಿದು ಅದರ ಮೇಲೆ ‘ಅ’ ತಿದ್ದಿಸತೊಡಗಿದಳು.

“‘ಕಲ್ತಿದ್ದರ’ ಅನಬ್ಯಾಡ ಯವ್ವಾ. ‘ಕಲ್ತರ’ ಅನ್ನು.”